ಅಂಗಡಿಯಲ್ಲಿ ನುಡಿದ ವಾದ್ಯ ಊರಿನಲ್ಲೇಕೆ ನುಡಿಯದು?
ವಿದ್ಯುನ್ಮಾನ ವಾದ್ಯಗಳ ಖರೀದಿ, ಗ್ರಾಹಕನ ಪಶ್ಚಾತ್ತಾಪ ಮತ್ತು ವ್ಯಾಪಾರಿಯ ನಷ್ಟ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗಗಳ ಚಿಲ್ಲರೆ ವ್ಯಾಪಾರವು ಇಂದಿಗೂ ಒಕ್ಕಲುತನದ ಹಂಗಾಮನ್ನೇ ಅನುಸರಿಸಿ ನಡೆಯುತ್ತದೆ. ತೊಗರಿಯ ರಾಶಿ ಮುಗಿದು, ಅಡತಿ ಅಂಗಡಿಯ ಪಟ್ಟಿ ಚುಕ್ತಾ ಆಗಿ, ರೈತನ ಕೈಗೆ ಹಣ ಬಂದ ಮೇಲೆಯೇ ಪೇಟೆಯಲ್ಲಿ ಚಲನೆ ಕಾಣುತ್ತದೆ. ಸಂಕ್ರಮಣದ ವೇಳೆಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಿಂದ ಹಿಡಿದು ಶ್ರಾವಣದಲ್ಲಿ ಬಸವನ ಬಾಗೇವಾಡಿಯಲ್ಲಿ ಜರುಗುವ ಮೂಲನಂದೀಶ್ವರನ ಜಾತ್ರೆಯವರೆಗೆ ಊರೂರುಗಳಲ್ಲಿ ಭಜನೆ, ಸಪ್ತಾಹ, ಪುರಾಣ, ನಾಟಕ, ರಸಮಂಜರಿಗಳು ನಡೆಯುತ್ತಲೇ ಇರುತ್ತವೆ. ಇವೆಲ್ಲಕ್ಕೂ ವಾದ್ಯ ಬೇಕು. ಹಿಂದೆ ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳಗಳಲ್ಲಿ ಮುಗಿಯುತ್ತಿದ್ದ ಈ ಬೇಡಿಕೆಯ ಪಟ್ಟಿಯಲ್ಲಿ ಕಳೆದ ಮೂರ್ನಾಲ್ಕು ದಶಕಗಳಿಂದ ಎಲೆಕ್ಟ್ರಾನಿಕ್ ಕೀಬೋರ್ಡ್, ಶ್ರುತಿಪೆಟ್ಟಿಗೆ, ತಬಲಾ ಯಂತ್ರ, ಆಕ್ಟೋಪ್ಯಾಡ್, ಮಿಕ್ಸರ್, ಆಂಪ್ಲಿಫೈಯರ್‌ಗಳು ಸೇರಿಕೊಂಡಿವೆ.

ಈ ಸರಕನ್ನು ಕೊಳ್ಳುವವರು ಹವ್ಯಾಸಿಗಳಾದ ಶ್ರೀಮಂತರಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರಿನಲ್ಲಿ ಕೀಬೋರ್ಡ್ ಕೊಳ್ಳುವವರು ಸಾಮಾನ್ಯವಾಗಿ ಮೂರು ಬಗೆಯವರು. ಮನೆಮನೆಯಿಂದ ಪಟ್ಟಿ ಎತ್ತಿದ ಭಜನಾ ಮಂಡಳಿ ಒಂದು. ಮದುವೆ, ಜಾತ್ರೆಗಳ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ಹೊಟ್ಟೆ ಹೊರೆಯಬಯಸುವ ತರುಣ ಇನ್ನೊಂದು. ಮಗುವಿಗೆ ಸಂಗೀತ ಕಲಿಸಬೇಕೆಂಬ ಆಸೆಯ ಶಿಕ್ಷಕ, ಗುಮಾಸ್ತ ಅಥವಾ ಕಿರಾಣಿ ವ್ಯಾಪಾರಿಯ ಕುಟುಂಬ ಮೂರನೆಯದು. ಮೂವರದೂ ಎಣಿಸಿಟ್ಟ ಹಣ. ಆದ್ದರಿಂದ ಖರೀದಿ ತಪ್ಪಿದಾಗ ಆಗುವ ನೋವೂ ಸಣ್ಣದಲ್ಲ.

ಕೊಂಡ ವಾದ್ಯ ಕೆಲವೇ ತಿಂಗಳಲ್ಲಿ ಗುಡಿಯ ಕೋಣೆಯ ಮೂಲೆಯನ್ನೋ ಮನೆಯ ಅಟ್ಟವನ್ನೋ ಸೇರುವುದು ಅಪರೂಪದ ಸಂಗತಿಯಲ್ಲ. ಅಂಥ ವಾದ್ಯಗಳಲ್ಲಿ ಹಲವು ಕೆಟ್ಟಿರುವುದಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಸದ್ದೂ ಬರುತ್ತದೆ. ತಯಾರಕನ ದೃಷ್ಟಿಯಲ್ಲಿ ಅದು ಸುಸ್ಥಿತಿಯಲ್ಲಿರುವ ಸರಕು, ಕೊಂಡವನ ದೃಷ್ಟಿಯಲ್ಲಿ ಹಾಳಾದ ಹಣ. ಅಂಗಡಿಯಲ್ಲಿ ತೋರಿಸಿದ ಉಪಯೋಗಕ್ಕೂ ಊರಿನಲ್ಲಿ ಬೇಕಾದ ಉಪಯೋಗಕ್ಕೂ ನಡುವೆ ಉಳಿದ ಅಂತರವೇ ಈ ಪಶ್ಚಾತ್ತಾಪದ ಮೂಲ. ಆ ಅಂತರದ ಬೆಲೆಯನ್ನು ಕೊನೆಗೆ ತೆರುವವನು ಗ್ರಾಹಕನೊಬ್ಬನೇ ಅಲ್ಲ ಎಂಬುದು ವ್ಯಾಪಾರಸ್ಥರು ಲಕ್ಷಿಸಬೇಕಾದ ವಿಷಯ.

ಕಂತು ನಿಲ್ಲುವುದು ಎಲ್ಲಿ?

ಒಂದು ಸರಳ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 15,000 ರೂಪಾಯಿಯ ಕೀಬೋರ್ಡನ್ನು ತಾಲೂಕು ಪೇಟೆಯ ವ್ಯಾಪಾರಿ ಶೇಕಡಾ 10ರ ಲಾಭದಲ್ಲಿ ಮಾರಿದನೆಂದು ಭಾವಿಸೋಣ. ಮುಂಗಡ 5,000 ರೂಪಾಯಿ, ಉಳಿದದ್ದು ತಿಂಗಳಿಗೆ ಸಾವಿರದಂತೆ ಹತ್ತು ಕಂತು. ಹಳ್ಳಿಯ ವ್ಯವಹಾರದಲ್ಲಿ ಇಂಥ ಉದ್ರಿ ಹೊಸದಲ್ಲ. ಗುರುತು, ನಂಬಿಕೆಗಳೇ ಅದರ ಭದ್ರತೆ. ವಾದ್ಯ ಮನಸ್ಸಿಗೆ ಬಂದರೆ ಹತ್ತೂ ಕಂತು ಸಲ್ಲುತ್ತವೆ. ಬಾರದಿದ್ದರೆ ನಾಲ್ಕನೆಯ ಕಂತಿನ ನಂತರ ಮಂಡಳಿಯ ಸದಸ್ಯರಲ್ಲೇ ಒಡಕು ಹುಟ್ಟುತ್ತದೆ: ‘ಯಾರು ಆರಿಸಿದರೋ ಅವರೇ ಕೊಡಲಿ.’ ಬಾಕಿ ಉಳಿದ 6,000 ರೂಪಾಯಿ ವ್ಯಾಪಾರಿಯ ತಲೆಗೆ. 1,500 ರೂಪಾಯಿ ಲಾಭಕ್ಕೆಂದು ಮಾಡಿದ ಮಾರಾಟ ಹೀಗೆ ತನ್ನ ಲಾಭದ ಜೊತೆಗೆ ಬೇರೆ ಮೂರು ಮಾರಾಟಗಳ ಲಾಭವನ್ನೂ ನುಂಗಿಹಾಕುತ್ತದೆ. ವಸೂಲಿಗೆ ಓಡಾಡಿದ ಖರ್ಚು ಬೇರೆ. ಅದೇ ಊರಿನಿಂದ ಮುಂದೆ ಬರಬೇಕಾಗಿದ್ದ ಟಿವಿ, ಫ್ರಿಜ್, ಮೈಕ್ ಸೆಟ್‌ಗಳ ಗಿರಾಕಿ ಸೋಲಾಪುರದ ಕಡೆ ಮುಖ ಮಾಡುವುದನ್ನಂತೂ ಯಾವ ಕೀರ್ದಿ ಪುಸ್ತಕದಲ್ಲೂ ಬರೆಯಲಾಗದು.

ಕೆಟ್ಟ ಸರಕಿನಿಂದ ಆಗುವ ನಷ್ಟಕ್ಕೆ ವಾರಂಟಿ ಇದೆ, ಕಂಪನಿಯಿಂದ ಬದಲಿ ವಸ್ತು ದೊರೆಯುತ್ತದೆ. ಹೊಂದದ ಸರಕಿನಿಂದ ಆಗುವ ನಷ್ಟಕ್ಕೆ ಅಂಥ ಆಸರೆ ಇಲ್ಲ.

ಹಾರ್ಮೋನಿಯಂ ಕೈಗೆ ಕೀಬೋರ್ಡ್

ಜಪಾನಿನ ಕ್ಯಾಸಿಯೋ ಕಂಪನಿ 1980ರಲ್ಲಿ ಕ್ಯಾಸಿಯೋಟೋನ್ 201 ಎಂಬ ಕೀಬೋರ್ಡನ್ನು ಹೊರತಂದಿತು. ನಾಲ್ಕು ಸಪ್ತಕಗಳ 49 ಮನೆಗಳು, 29 ಬಗೆಯ ನಾದಗಳು. ಅಂದಿನಿಂದ ಕೀಬೋರ್ಡ್ ಮಧ್ಯಮ ವರ್ಗದ ಮನೆಯ ಸರಕಾಯಿತು. ಭಾರತದಲ್ಲಿ ಆಮದಿನ ಕಟ್ಟುಪಾಡುಗಳು 1991ರ ನಂತರ ಸಡಿಲಗೊಳ್ಳುವವರೆಗೆ ಇಂಥ ವಾದ್ಯಗಳು ಹೆಚ್ಚಾಗಿ ಕೊಲ್ಲಿ ದೇಶಗಳಿಂದ ಬಂದವರ ಪೆಟ್ಟಿಗೆಯಲ್ಲೋ ಮುಂಬಯಿಯ ಪೇಟೆಯ ಮೂಲಕವೋ ಒಳನಾಡಿಗೆ ತಲುಪುತ್ತಿದ್ದವು. ಬಿಲ್ಲಿಲ್ಲ, ವಾರಂಟಿಯಿಲ್ಲ, ಕೈಪಿಡಿ ಇದ್ದರೂ ಓದಲು ಬಾರದ ಭಾಷೆಯಲ್ಲಿ. ಆಗಿನ ಕೊಳ್ಳುವಿಕೆಯಲ್ಲಿ ಅದೃಷ್ಟದ ಪಾಲೇ ಅಧಿಕ. ಇಂದು ಆ ಸ್ಥಿತಿ ಇಲ್ಲ. ಆದರೂ ಮಂಡಳಿಗಳ ನಿರಾಶೆ ತಪ್ಪಿಲ್ಲವೆಂದಾದರೆ ಕಾರಣವನ್ನು ವಾದ್ಯದ ಸ್ವಭಾವದಲ್ಲೇ ಹುಡುಕಬೇಕಾಗುತ್ತದೆ.

ಉತ್ತರ ಕರ್ನಾಟಕದ ಭಜನೆ, ಪಾರಿಜಾತ, ಕಂಪನಿ ನಾಟಕಗಳ ಸಂಗೀತವೆಲ್ಲ ಹಾರ್ಮೋನಿಯಂ ಸುತ್ತ ಬೆಳೆದದ್ದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಹಾಗೂ ಪುಟ್ಟರಾಜ ಗವಾಯಿಗಳ ಬಳಿ ಕಲಿತವರು ಈ ಸೀಮೆಯ ಸಂಗೀತವನ್ನು ಬೆಳೆಸಿದ ಬಗೆ ಸರ್ವವಿದಿತ. ಹಾರ್ಮೋನಿಯಂ ನುಡಿಸುವವನ ಬಲಗೈ ಮನೆಗಳ ಮೇಲಿದ್ದರೆ ಎಡಗೈ ಭಾತೆಯ ಮೇಲೆ. ಸ್ವರವನ್ನು ಹಿಗ್ಗಿಸುವುದು, ಕುಗ್ಗಿಸುವುದು, ಗಾಯಕನ ಉಸಿರಿನೊಡನೆ ಏರಿಳಿಸುವುದು ಎಡಗೈಯ ಕೆಲಸ. ಕೀಬೋರ್ಡಿನಲ್ಲಿ ಭಾತೆ ಇಲ್ಲ. ಅಗ್ಗದ ಮಾದರಿಗಳಲ್ಲಿ ಮನೆಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಒಂದೇ. ‘ಟಚ್ ರೆಸ್ಪಾನ್ಸ್’ ಇರುವ ಮಾದರಿಗಳಲ್ಲಿಯೂ ಸದ್ದಿನ ಬಲ ನಿರ್ಧಾರವಾಗುವುದು ಒತ್ತಿದ ಕ್ಷಣದಲ್ಲಿ. ಒಮ್ಮೆ ಹೊರಟ ಸ್ವರವನ್ನು ನಡುದಾರಿಯಲ್ಲಿ ಹಿಗ್ಗಿಸಬೇಕಾದರೆ ಪೆಡಲ್ ಅಥವಾ ಪ್ರತ್ಯೇಕ ಚಕ್ರ ಬೇಕು. ಐವತ್ತು ವರ್ಷ ಪೆಟ್ಟಿಗೆ ನುಡಿಸಿದ ಹಿರಿಯರು ಹೊಸ ಕೀಬೋರ್ಡಿನ ಮುಂದೆ ಕುಳಿತು ‘ಇದರೊಳಗೆ ಜೀವ ಇಲ್ಲ’ ಎಂದರೆ ಅದು ಹಳಬರ ಹಟವಲ್ಲ. ಅವರ ಎಡಗೈಯ ವಿದ್ಯೆಗೆ ಆ ಯಂತ್ರದಲ್ಲಿ ಜಾಗವೇ ಇಲ್ಲ.

ಶ್ರುತಿಯ ತೊಡಕು ಇನ್ನೊಂದು. ಕೀಬೋರ್ಡ್ ಕಾರ್ಖಾನೆಯಿಂದ ಬರುವಾಗ ಅದರ ಮಧ್ಯದ ‘ಎ’ ಸ್ವರ 440 ಹರ್ಟ್ಸ್‌ಗೆ ಹೊಂದಿರುತ್ತದೆ. ಊರಿನ ಹಳೆಯ ಹಾರ್ಮೋನಿಯಂನ ಕರಿ ಒಂದು, ಬಿಳಿ ನಾಲ್ಕುಗಳು ಅದೇ ಅಳತೆಗೆ ಇರಬೇಕೆಂಬ ನಿಯಮವೇನೂ ಇಲ್ಲ; ಕಾಲ ಕಳೆದಂತೆ ಹಿತ್ತಾಳೆಯ ನಾಲಿಗೆಗಳ ಶ್ರುತಿ ಸರಿಯುತ್ತದೆ. ಎರಡನ್ನೂ ಜೊತೆಗಿಟ್ಟು ನುಡಿಸಿದರೆ ಕಿವಿಗೆ ಕಿರಿಕಿರಿ. ‘ಟ್ರಾನ್ಸ್‌ಪೋಸ್’ ಗುಂಡಿ ಅರ್ಧ ಸ್ವರದಷ್ಟು ಜರುಗಿಸಬಲ್ಲುದೇ ಹೊರತು ಕೂದಲೆಳೆಯ ವ್ಯತ್ಯಾಸವನ್ನು ಸರಿಪಡಿಸದು. ಅದಕ್ಕೆ ‘ಟ್ಯೂನಿಂಗ್’ ಎಂಬ ಬೇರೆ ಸೌಲಭ್ಯವಿರುತ್ತದೆ. ಅದು ಯಾವ ಗುಂಡಿಯ ಹಿಂದೆ ಅಡಗಿದೆ ಎಂಬುದನ್ನು ಮಾರುವಾಗ ಎರಡು ನಿಮಿಷ ತೋರಿಸಿಕೊಟ್ಟರೆ ಒಂದು ವಾದ್ಯ ಮೂಲೆ ಸೇರುವುದು ತಪ್ಪೀತು.

ಕೀಬೋರ್ಡ್ ಸಪ್ತಕವನ್ನು ಹನ್ನೆರಡು ಸಮ ಭಾಗ ಮಾಡುತ್ತದೆ, ಪ್ರತಿ ಭಾಗ 100 ಸೆಂಟ್. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಶುದ್ಧ ಗಾಂಧಾರ 386 ಸೆಂಟ್, ಕೀಬೋರ್ಡಿನದು 400. ಈ 14 ಸೆಂಟಿನ ವ್ಯತ್ಯಾಸವನ್ನು ಸಿನಿಮಾ ಹಾಡಿನ ಗದ್ದಲದಲ್ಲಿ ಯಾರೂ ಗುರುತಿಸಲಾರರು. ಶ್ರುತಿ ಹಿಡಿದು ಹಾಡುವವರು ಗುರುತಿಸುತ್ತಾರೆ. ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪವಿದ್ದು, 1940ರಲ್ಲಿ ಆಕಾಶವಾಣಿಯು ಅದನ್ನು ತನ್ನ ಪ್ರಸಾರದಿಂದ ಹೊರಗಿಟ್ಟು ಸುಮಾರು ಮೂರು ದಶಕಗಳ ಕಾಲ ಆ ನಿರ್ಬಂಧವನ್ನು ಉಳಿಸಿಕೊಂಡಿತ್ತು. (ವಿಜಯಪುರದ ದೊರೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ತನ್ನ ಮೆಚ್ಚಿನ ತಂಬೂರಿಗೆ ‘ಮೋತಿಖಾನ್’ ಎಂದು ಮನುಷ್ಯರಿಗೆ ಇಡುವಂತೆ ಹೆಸರಿಟ್ಟಿದ್ದ. ವಾದ್ಯ ಕೈಗೆ ಹೊಂದಿದರೆ ಮನುಷ್ಯ ಅದನ್ನು ಹೇಗೆ ಕಾಣುತ್ತಾನೆಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಹಳೆಯ ನಿದರ್ಶನ ಬೇಡ.)

ಇನ್ನು ತಾಳ. ಕೀಬೋರ್ಡಿನ ನೂರಾರು ‘ಸ್ಟೈಲ್’ಗಳಲ್ಲಿ ಬಹುಪಾಲು ನಾಲ್ಕು ಅಥವಾ ಮೂರು ಮಾತ್ರೆಗಳ ಪಾಶ್ಚಾತ್ಯ ಲಯಗಳು. ಎಂಟು ಮಾತ್ರೆಯ ಕೇರವಾ, ಆರು ಮಾತ್ರೆಯ ದಾದ್ರಾಗಳನ್ನು ಹೇಗೋ ಅವುಗಳಲ್ಲಿ ಹೊಂದಿಸಬಹುದು; ಏಳು ಮಾತ್ರೆಯ ರೂಪಕ, ಹದಿನಾಲ್ಕು ಮಾತ್ರೆಯ ದೀಪಚಂದಿಗಳನ್ನು ಹೊಂದಿಸಲಾಗದು. ಮೇಲಾಗಿ ಭಜನೆಯ ಲಯ ಗಡಿಯಾರದ ಲಯವಲ್ಲ. ಪದ ಮುಂದುವರಿದಂತೆ ತಾಳ ಹಾಕುವವರ ಹುರುಪಿನೊಡನೆ ವೇಗ ತಾನಾಗಿ ಏರುತ್ತದೆ. ಯಂತ್ರ ಮೊದಲು ಹಾಕಿದ ವೇಗಕ್ಕೇ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಕೊನೆಗೆ ಯಾರೋ ಅದರ ಬಾಯಿ ಮುಚ್ಚಿಸುತ್ತಾರೆ. ಈ ಕೊರತೆಯನ್ನು ಮನಗಂಡ ದೊಡ್ಡ ಕಂಪನಿಗಳು ಭಾರತೀಯ ನಾದ, ತಾಳಗಳನ್ನು ಅಳವಡಿಸಿದ ಮಾದರಿಗಳನ್ನು ಹೊರತಂದವು: ಯಮಾಹಾದ ಪಿಎಸ್‌ಆರ್-ಐ455, ಪಿಎಸ್‌ಆರ್-ಐ500, ಕ್ಯಾಸಿಯೋದ ಸಿಟಿಕೆ-860ಐಎನ್ ಮುಂತಾದವು. ಮಾದರಿಯ ಹೆಸರಿನಲ್ಲಿರುವ ‘ಐ’ ಅಥವಾ ‘ಐಎನ್’ ಅಕ್ಷರಗಳ ಅರ್ಥವನ್ನು ಕೊಳ್ಳುವವನಿಗೆ ಯಾರಾದರೂ ಹೇಳಬೇಕಷ್ಟೆ. ಹೆಚ್ಚು ಗುಂಡಿಗಳಿರುವ, ಹೊರದೇಶದ ಮಾದರಿಯೇ ಶ್ರೇಷ್ಠವೆಂಬ ಭ್ರಮೆ ಪೇಟೆಯಲ್ಲಿ ಇನ್ನೂ ಅಳಿದಿಲ್ಲ.

ಭ್ರಮೆಯನ್ನು ಬೆಳೆಸುವಲ್ಲಿ ‘ಡೆಮೊ’ ಗುಂಡಿಯ ಪಾತ್ರ ಹಿರಿದು. ಅದನ್ನು ಒತ್ತಿದೊಡನೆ ಕಾರ್ಖಾನೆಯಲ್ಲೇ ಸಂಗ್ರಹಿಸಿಟ್ಟ ಸಂಗೀತ ತಾನಾಗಿ ಹರಿಯುತ್ತದೆ. ಕೊಳ್ಳುವವನು ಕೇಳುತ್ತಿರುವುದು ನುರಿತ ಕಲಾವಿದರು ಮೊದಲೇ ಸಿದ್ಧಪಡಿಸಿದ ರಚನೆಯನ್ನು. ತನ್ನ ಬೆರಳಿಂದ ಹೊರಡಬಲ್ಲ ಸಂಗೀತವನ್ನಲ್ಲ. ಬಟ್ಟೆ ಅಂಗಡಿಯ ಬೊಂಬೆಗೆ ಉಡಿಸಿದ ಸೀರೆಯನ್ನು ಕಂಡು ಮರುಳಾಗುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಡೆಮೊ ಗುಂಡಿಯನ್ನು ಮುಟ್ಟದೆ, ಕೊಳ್ಳುವವನ ಕೈಯಲ್ಲೇ ಅವನದೇ ಒಂದು ಪದವನ್ನು ನುಡಿಸಲು ಬಿಡುವ ವ್ಯಾಪಾರಿ ಆ ದಿನ ಒಂದು ಮಾರಾಟವನ್ನು ಕಳೆದುಕೊಳ್ಳಬಹುದು. ಆದರೆ ಆ ಗಿರಾಕಿಯನ್ನಲ್ಲ.

ವಾಟ್‌ಗಳ ಮಾಯೆ

ಧ್ವನಿವರ್ಧಕಗಳ ವಿಷಯದಲ್ಲಿ ಪಶ್ಚಾತ್ತಾಪದ ಸ್ವರೂಪವೇ ಬೇರೆ. 1990ರ ಮತ್ತು 2000ದ ದಶಕಗಳಲ್ಲಿ ಪೇಟೆಗೆ ಬಂದ ಮ್ಯೂಸಿಕ್ ಸಿಸ್ಟಂಗಳ ಪೆಟ್ಟಿಗೆಯ ಮೇಲೆ 1,000, 3,000, 5,000 ವಾಟ್ ಪಿಎಂಪಿಓ ಎಂಬ ದಪ್ಪ ಅಕ್ಷರಗಳನ್ನು ಕಂಡವರಿಗೆ ಇದು ನೆನಪಿರುತ್ತದೆ. ಪಿಎಂಪಿಓ ಎಂಬ ಅಳತೆಗೆ ಎಲ್ಲರೂ ಒಪ್ಪಿದ ಮಾನದಂಡವೇ ಇಲ್ಲ. ಕ್ಷಣದ ಒಂದು ಅಂಶದಲ್ಲಿ ಕಾಗದದ ಮೇಲೆ ಸಾಧ್ಯವಾಗಬಹುದಾದ ಗರಿಷ್ಠ ಶಕ್ತಿಯನ್ನು ಮನಬಂದಂತೆ ಗುಣಿಸಿ ಬರೆದದ್ದು. ನಿಜವಾಗಿ ನೋಡಬೇಕಾದದ್ದು ಸತತವಾಗಿ ದೊರೆಯುವ ಆರ್‌ಎಂಎಸ್ ಶಕ್ತಿ. ಅಮೆರಿಕದಲ್ಲಿ ಇಂಥ ಉತ್ಪ್ರೇಕ್ಷೆಯನ್ನು ತಡೆಯಲು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಷ್ಟು ಹಿಂದೆಯೇ ಆಂಪ್ಲಿಫೈಯರ್ ಶಕ್ತಿಯನ್ನು ಅಳೆದು ಘೋಷಿಸುವ ನಿಯಮ ತಂದಿತ್ತು.

ಇದನ್ನು ಪರೀಕ್ಷಿಸಲು ಎಂಜಿನಿಯರ್ ಬೇಕಿಲ್ಲ, ಗುಣಾಕಾರ ಬಂದರೆ ಸಾಕು. ಉಪಕರಣದ ಅಡಾಪ್ಟರ್ ಮೇಲೆ 12 ವೋಲ್ಟ್, 1.5 ಆಂಪಿಯರ್ ಎಂದಿದ್ದರೆ ಒಳಹೋಗುವ ಶಕ್ತಿ 18 ವಾಟ್; ಹೊರಬರುವ ಸದ್ದು ಅದಕ್ಕಿಂತ ಹೆಚ್ಚಿನ ಶಕ್ತಿಯದಾಗಿ ಸತತವಾಗಿ ಇರಲಾರದು. ಗೋಡೆಯ ವಿದ್ಯುತ್ತಿನಿಂದ ನಡೆಯುವ ಆಂಪ್ಲಿಫೈಯರಿನ ಫ್ಯೂಸ್ 2 ಆಂಪಿಯರ್ ಇದ್ದರೆ 230ರಿಂದ ಗುಣಿಸಿದಾಗ 460 ವಾಟ್. ಅದರ ಮೇಲೆ 5,000 ಎಂದು ಬರೆದಿದ್ದರೆ ಬರೆದವನಿಗೇ ಗೊತ್ತು. ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ. 50 ವಾಟ್‌ನಿಂದ 100 ವಾಟ್‌ಗೆ ಏರಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸುಮಾರು ಎರಡು ಪಟ್ಟು ಎನ್ನಿಸಬೇಕಾದರೆ ಶಕ್ತಿ ಹತ್ತು ಪಟ್ಟು ಆಗಬೇಕು. ಎರಡು ಪಟ್ಟು ಹಣ ತೆತ್ತು ಹೊಸ ಸೆಟ್ ತಂದ ಸೌಂಡ್ ಸರ್ವಿಸಿನವನಿಗೆ ‘ಏನೂ ಫರಕು ಕಾಣಲಿಲ್ಲ’ ಎಂದೆನಿಸುವುದು ಇದೇ ಕಾರಣಕ್ಕೆ. ಅದೇ ಹಣವನ್ನು ಒಳ್ಳೆಯ ಸ್ಪೀಕರಿಗೆ ಹಾಕಿದ್ದರೆ ಬಹುಶಃ ಫರಕು ಕಾಣುತ್ತಿತ್ತು.

ಇದಕ್ಕೆ ಸರ್ಕಾರದ ನಿಯಮವೂ ಸೇರಿಕೊಳ್ಳುತ್ತದೆ. 2000ದ ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಹಬ್ಬ ಹರಿದಿನಗಳಿಗಾಗಿ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಸಾಲ ಮಾಡಿ ಡಿಜೆ ಸೆಟ್ ಕೊಂಡ ತರುಣನಿಗೆ ಈ ಮಾತನ್ನು ಮಾರುವವನು ಹೇಳುವುದಿಲ್ಲ; ಹೇಳುವವರು ಪೊಲೀಸರು.

ಒಂದು ಅಡಾಪ್ಟರಿನ ಕಥೆ

ಸಣ್ಣ ವಸ್ತುವಿನಿಂದ ದೊಡ್ಡ ನಿರಾಶೆ ಹುಟ್ಟುವುದಕ್ಕೆ ಅಡಾಪ್ಟರಿಗಿಂತ ಒಳ್ಳೆಯ ನಿದರ್ಶನ ಸಿಗದು. ಹಳೆಯ ಕ್ಯಾಸಿಯೋ ಕೀಬೋರ್ಡುಗಳಲ್ಲಿ ಅನೇಕವು 9 ವೋಲ್ಟ್‌ನವು. ಅವುಗಳ ಪಿನ್ನಿನ ನಡುಭಾಗ ಋಣ, ಹೊರಸುತ್ತು ಧನ. ಯಮಾಹಾದ ಸಾಮಾನ್ಯ ಮಾದರಿಗಳು 12 ವೋಲ್ಟ್‌ನವು. ಅವುಗಳ ನಡುಭಾಗ ಧನ. ಕ್ಯಾಸಿಯೋದ ನಂತರದ ಹಲವು ಮಾದರಿಗಳಲ್ಲಿ 9.5 ವೋಲ್ಟ್, ನಡುಭಾಗ ಧನ. ಮೂಲ ಅಡಾಪ್ಟರ್ ಕೆಟ್ಟಾಗ ಪೇಟೆಯಲ್ಲಿ ಸಿಕ್ಕ ನೂರು ರೂಪಾಯಿಯ ಅಡಾಪ್ಟರ್ ಚುಚ್ಚಿದರೆ ಏನಾದೀತೆಂದು ವಿವರಿಸುವ ಅಗತ್ಯವಿಲ್ಲ. ಹಳ್ಳಿಗಳ ವೋಲ್ಟೇಜ್ ಏರಿಳಿತ, ಜಾತ್ರೆಯ ಜನರೇಟರ್‌ಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ‘ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು’ ಎಂಬ ಗಾದೆ ಜೋಳದ ನಾಡಿನವರಿಗೆ ಹೊಸದಲ್ಲ.

ಧೂಳು ಇನ್ನೊಂದು ಶತ್ರು. ಕೀಬೋರ್ಡಿನ ಮನೆಗಳ ಕೆಳಗೆ ಇಂಗಾಲ ಲೇಪಿತ ರಬ್ಬರ್ ಪಟ್ಟಿಗಳಿರುತ್ತವೆ. ಮನೆ ಒತ್ತಿದಾಗ ಅವು ಫಲಕವನ್ನು ಮುಟ್ಟಿ ಸ್ವರವನ್ನು ಹೊರಡಿಸುತ್ತವೆ. ಧೂಳು ಕುಳಿತರೆ ಕೆಲವು ಮನೆಗಳು ಮೂಕಾಗುತ್ತವೆ. ಬಿಚ್ಚಿ ಒರೆಸಿದರೆ ಇಲ್ಲವೆ ಪಟ್ಟಿ ಬದಲಿಸಿದರೆ ಸರಿಹೋಗುವ ದೋಷವಿದು. ಆದರೆ ಮಾಡುವವರಿಲ್ಲದ ಊರಿನಲ್ಲಿ ಎರಡು ಮನೆ ಸತ್ತ ಕೀಬೋರ್ಡ್ ಎಂದರೆ ಸತ್ತ ಕೀಬೋರ್ಡೇ. ಬೇಸಿಗೆಯ ಗಾಳಿಗೆ ಕರಿಮಣ್ಣಿನ ಧೂಳೇಳುವ ಈ ಸೀಮೆಯಲ್ಲಿ ವಾದ್ಯದೊಡನೆ ಒಂದು ಬಟ್ಟೆಯ ಹೊದಿಕೆಯನ್ನು ಉಚಿತವಾಗಿ ಕೊಡುವುದು ಬೆಲೆ ಇಳಿಸುವುದಕ್ಕಿಂತ ಬುದ್ಧಿವಂತಿಕೆಯ ರಿಯಾಯಿತಿ.

ಮೌನವನ್ನು ತೃಪ್ತಿಯೆಂದು ತಿಳಿಯಬಾರದು

ಕೊಂಡ ಮೇಲಿನ ಮನಸ್ಸಿನ ನಡೆಯನ್ನು ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದ. ಎರಡರಲ್ಲಿ ಒಂದನ್ನು ಆರಿಸಿದ ಮನುಷ್ಯನಿಗೆ ಬಿಟ್ಟದ್ದರ ಗುಣಗಳೂ ಆರಿಸಿದ್ದರ ದೋಷಗಳೂ ಕಾಡತೊಡಗುತ್ತವೆ. ಆ ಕಸಿವಿಸಿಯನ್ನು ಕಳೆಯಲು ಅವನು ತನ್ನ ಆಯ್ಕೆಯನ್ನು ಸಮರ್ಥಿಸುವ ಕಾರಣಗಳನ್ನು ಹುಡುಕುತ್ತಾನೆ. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಸದಾಗಿ ಕಾರು ಕೊಂಡವರು ತಾವು ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚಾಗಿ ಓದುತ್ತಿದ್ದುದು ಕಂಡುಬಂತು. ಕೊಳ್ಳುವುದು ಮುಗಿದ ಮೇಲೆ ಜಾಹೀರಾತನ್ನು ಓದುವುದು! ವಾದ್ಯದ ವಿಷಯದಲ್ಲೂ ಹೀಗೆಯೇ. ಮೊದಲ ತಿಂಗಳುಗಳಲ್ಲಿ ಮಂಡಳಿಯವರು ‘ಬಹಳ ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಇಲ್ಲವೆಂದರೆ ಪಟ್ಟಿ ಕೊಟ್ಟ ಊರವರ ಮುಂದೆ ತಾವೇ ಸಣ್ಣವರಾಗಬೇಕಲ್ಲ. ದೂರು ಹೊರಬೀಳುವ ಹೊತ್ತಿಗೆ ವಾರಂಟಿಯ ಅವಧಿ ಕಳೆದಿರುತ್ತದೆ. ಆದ್ದರಿಂದ ಮಾರಿದ ಹದಿನೈದು ದಿನಗಳಲ್ಲಿ ಒಮ್ಮೆ ತಾನಾಗಿ ವಿಚಾರಿಸುವ ವ್ಯಾಪಾರಿ ದೂರನ್ನು ಆಹ್ವಾನಿಸುವುದಿಲ್ಲ. ಅದು ಹುಳಿಯುವ ಮೊದಲೇ ತಡೆಯುತ್ತಾನೆ.

ಕಾನೂನು ಏನೆನ್ನುತ್ತದೆ

ಈ ವಿಷಯದಲ್ಲಿ 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮು ಇಂದಿಗೂ ಓದತಕ್ಕದ್ದು. ಕೊಳ್ಳುವವನು ತನಗೆ ಯಾವ ಉದ್ದೇಶಕ್ಕೆ ಸರಕು ಬೇಕೆಂದು ತಿಳಿಸಿ, ಮಾರುವವನ ತಿಳುವಳಿಕೆಯನ್ನು ನಂಬಿ ಕೊಂಡಿದ್ದರೆ, ಮತ್ತು ಅಂಥ ಸರಕನ್ನು ಮಾರುವುದೇ ಮಾರುವವನ ಕಸುಬಾಗಿದ್ದರೆ, ಸರಕು ಆ ಉದ್ದೇಶಕ್ಕೆ ಒಪ್ಪುವಂತಿರಬೇಕೆಂಬುದು ಹೇಳದೆಯೂ ಇರುವ ಕರಾರು. ಆದರೆ ಗ್ರಾಹಕ ತಾನೇ ನಿರ್ದಿಷ್ಟ ವ್ಯಾಪಾರನಾಮವನ್ನು ಹೇಳಿ ಅದನ್ನೇ ಬೇಡಿ ಕೊಂಡಾಗ ಸಾಮಾನ್ಯವಾಗಿ ಈ ಕರಾರು ಅನ್ವಯಿಸದು. ‘ಇಂಥ ಕಂಪನಿಯ ಇಂಥ ನಂಬರಿನ ಮಾದರಿ ಕೊಡಿ’ ಎನ್ನುವವನಿಗೂ ‘ಭಜನೆಗೆ ಯಾವುದು ಹೊಂದೀತು, ನೀವೇ ಹೇಳಿ’ ಎನ್ನುವವನಿಗೂ ಮಾರುವುದರಲ್ಲಿ ಹೊಣೆಯ ವ್ಯತ್ಯಾಸವಿದೆ. ಎರಡನೆಯವನ ಮಾತನ್ನು ಬಿಲ್ಲಿನ ಹಿಂಬದಿಯಲ್ಲಿ ಒಂದು ಸಾಲಿನಲ್ಲಿ ಗುರುತು ಮಾಡಿಡುವುದು ಇಬ್ಬರಿಗೂ ಕ್ಷೇಮ.

1986ರ ಗ್ರಾಹಕ ರಕ್ಷಣಾ ಕಾಯ್ದೆಯ ಸ್ಥಾನದಲ್ಲಿ ಬಂದ 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಬಿಲ್ಲು ಕೊಡದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಹಾಗೆಯೇ. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವ ಹಳೆಯ ರೂಢಿ ಈ ಕಲಮಿನ ಮುಂದೆ ನಿಲ್ಲದು. ಗ್ರಾಹಕ ತಾನು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಅಂದರೆ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಂಡ ವಾದ್ಯದ ದೂರನ್ನು ಸಿಂದಗಿಯವನು ವಿಜಯಪುರದಲ್ಲೇ ಕೊಡಬಹುದು. ಎರಡು ವರ್ಷದ ಕಾಲಮಿತಿ ಇದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಆರ್ಕೆಸ್ಟ್ರಾದವನು ವಾದ್ಯದಿಂದ ಸಂಪಾದಿಸುತ್ತಾನೆ. ಹೀಗಾಗಿ ಅವನು ಗ್ರಾಹಕನೇ ಅಲ್ಲವೆಂದು ವಾದಿಸುವವರಿದ್ದಾರೆ. ವಾಣಿಜ್ಯ ಉದ್ದೇಶದ ಖರೀದಿ ಕಾಯ್ದೆಯ ಹೊರಗೆಂಬುದು ನಿಜ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ತಾನೇ ಬಳಸುವ ವಸ್ತು ಆ ಹೊರಗಿಡುವಿಕೆಗೆ ಸೇರದು. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಈ ಭೇದವನ್ನು ವಿವರಿಸಿದೆ. ಆದರೆ ಇಲ್ಲೊಂದು ಮಿತಿಯೂ ಇದೆ. ದೋಷವಿಲ್ಲದ ವಾದ್ಯ ಮನಸ್ಸಿಗೆ ಹಿಡಿಸಲಿಲ್ಲ ಎಂಬುದು ಮಾತ್ರ ಗ್ರಾಹಕ ಕಾಯ್ದೆಯಲ್ಲಿ ದೂರಾಗದು. ಆ ಪಶ್ಚಾತ್ತಾಪಕ್ಕೆ ಔಷಧ ಅಂಗಡಿಯಲ್ಲೇ ಸಿಗಬೇಕು.

ಬೇಡಿಕೆಯಿಂದ ಹುಟ್ಟಿದ ಯಂತ್ರ

ಪರದೇಶದ ವಾದ್ಯವನ್ನು ಇಲ್ಲಿನ ಬಳಕೆಗೆ ಒಗ್ಗಿಸುವುದು ಸಾಧ್ಯವೆಂಬುದಕ್ಕೆ ಹಾರ್ಮೋನಿಯಮ್ಮೇ ಸಾಕ್ಷಿ. ಕುರ್ಚಿಯಲ್ಲಿ ಕುಳಿತು ಕಾಲಿನಿಂದ ಒತ್ತುವ ಯುರೋಪಿನ ವಾದ್ಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಕೈಯಿಂದ ಒತ್ತುವಂತೆ ಮಾರ್ಪಡಿಸಿದರು. ಕರ್ನಾಟಕದಲ್ಲಿಯೂ ಇದಕ್ಕೆ ಸಮನಾದ ಸಾಧನೆಯಿದೆ. ಬೆಂಗಳೂರಿನ ಜಿ. ರಾಜನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ ರಾಡೆಲ್ ಸಂಸ್ಥೆಯನ್ನು ಕಟ್ಟಿದರು. ‘ತಾಲಮಾಲಾ’ ಎಂಬ ತಬಲಾ ಯಂತ್ರ, ಡಿಜಿಟಲ್ ವೀಣೆಗಳು ನಂತರ ಬಂದವು. ನೂರಾರು ನಾದಗಳ ಆಡಂಬರ ಅವುಗಳಲ್ಲಿಲ್ಲ. ಶ್ರುತಿಯನ್ನು ಗಾಯಕನ ಕಂಠಕ್ಕೆ ಸರಿಯಾಗಿ ತಿರುಗಿಸಲು ಒಂದು ಗುಂಡಿ, ಬೇಕಾದ ತಾಳ, ಬೇಕಾದ ವೇಗ: ಸಂಗೀತಗಾರ ಕೇಳಿದಷ್ಟನ್ನು ಮಾತ್ರ ಕೊಡುವ ಯಂತ್ರ. ಬಳಸುವವನೇ ತಯಾರಕನಾದಾಗ ಅಂಗಡಿಗೂ ಊರಿಗೂ ನಡುವಿನ ಅಂತರ ಕಾರ್ಖಾನೆಯಲ್ಲೇ ಮುಚ್ಚಿಹೋಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಕಥೆಯೂ ಇದೆ. ಬಾಸ್ ಗಿಟಾರ್ ನುಡಿಸುವವರ ಬದಲಿಗೆಂದು ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ತಂದ ಟಿಬಿ-303 ಯಂತ್ರ ಗಿಟಾರಿನಂತೆ ಕೇಳಲೇ ಇಲ್ಲ. ಸುಮಾರು ಹತ್ತು ಸಾವಿರ ತಯಾರಿಸಿ 1984ರಲ್ಲಿ ಕೈಬಿಡಲಾಯಿತು. ಕೊಂಡವರು ಸಿಕ್ಕ ಬೆಲೆಗೆ ಮಾರಿಕೊಂಡರು. ಆದರೆ ಮುಂಬಯಿಯ ವಾದಕ ಚರಣಜಿತ್ ಸಿಂಗ್ ಅದರಲ್ಲಿದ್ದ ಸ್ವರ ಜಾರಿಸುವ ಸೌಲಭ್ಯ ರಾಗಕ್ಕೆ ಒದಗುವುದನ್ನು ಕಂಡು 1982ರಲ್ಲೇ ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ಮುದ್ರಿಸಿದರು. ಆ ಧ್ವನಿಮುದ್ರಿಕೆ ಆಗ ಓಡಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. 1987ರ ನಂತರ ಶಿಕಾಗೋದ ತರುಣರ ಕೈಯಲ್ಲಿ ಹೊಸ ಸಂಗೀತಕ್ಕೇ ಕಾರಣವಾದ ಆ ಯಂತ್ರಕ್ಕೆ ಇಂದು ಮೂಲ ಬೆಲೆಯ ಹಲವು ಪಟ್ಟು. ಇದನ್ನು ಹೇಳಿ ಹಳೆಯ ದಾಸ್ತಾನನ್ನು ಮಾರಲು ಯಾರೂ ಹೊರಡಬಾರದು. ಲಾಭ ಬಂದದ್ದು ಮೂವತ್ತು ವರ್ಷ ಕಾದವರಿಗೆ. ಬ್ಯಾಂಕಿನ ಬಡ್ಡಿ ಅಷ್ಟು ಕಾಯುವುದಿಲ್ಲ.

ಸಣ್ಣ ಕೈಗಾರಿಕೆಗಳಿಗೆ ಇಲ್ಲಿ ಅವಕಾಶವಿರುವುದು ಹೊಸ ಕೀಬೋರ್ಡ್ ತಯಾರಿಕೆಯಲ್ಲಲ್ಲ. ಯಮಾಹಾ ಕಂಪನಿಯೇ ಚೆನ್ನೈ ಬಳಿ ಕಾರ್ಖಾನೆ ತೆರೆದ ಮೇಲೆ ಆ ಪೈಪೋಟಿ ಸುಲಭವಲ್ಲ. ಸರಿಯಾದ ಧ್ರುವದ ಅಡಾಪ್ಟರ್, ವೋಲ್ಟೇಜ್ ರಕ್ಷಕ, ಧೂಳು ತಡೆಯುವ ಪೆಟ್ಟಿಗೆ, ನೆಲದ ಮೇಲೆ ಕುಳಿತು ನುಡಿಸಲು ತಗ್ಗಿನ ಸ್ಟ್ಯಾಂಡ್ (ಪೇಟೆಯ ಸ್ಟ್ಯಾಂಡುಗಳು ಹೆಚ್ಚಾಗಿ ನಿಂತು ಇಲ್ಲವೆ ಕುರ್ಚಿಯಲ್ಲಿ ಕುಳಿತು ನುಡಿಸುವವರಿಗೆ), ಇವು ಶಿವಣಗಿಯ ಬಡಗಿಯೂ ತಾಳಿಕೋಟೆಯ ವೆಲ್ಡರನೂ ಮಾಡಬಲ್ಲ ಕೆಲಸಗಳು. ಆಂಪ್ಲಿಫೈಯರ್ ಜೋಡಿಸಿ ಮಾರುವವರು ಮಾತ್ರ ಕಡ್ಡಾಯ ನೋಂದಣಿ ಆದೇಶವನ್ನು ನೋಡಿಕೊಳ್ಳಬೇಕು. 2,000 ವಾಟ್ ಹಾಗೂ ಹೆಚ್ಚಿನ ಇನ್‌ಪುಟ್ ಶಕ್ತಿಯ ಆಂಪ್ಲಿಫೈಯರ್‌ಗಳೂ 200 ವಾಟ್ ಹಾಗೂ ಹೆಚ್ಚಿನ ಎಲೆಕ್ಟ್ರಾನಿಕ್ ಮ್ಯೂಸಿಕ್ ಸಿಸ್ಟಂಗಳೂ 2012ರ ಮೊದಲ ಪಟ್ಟಿಯಲ್ಲೇ ಸೇರಿದ್ದವು.

ದುರಸ್ತಿಯದು ಉಳಿದ ಮಾತು. ಫ್ಲಾಪಿ ಡಿಸ್ಕಿನಿಂದ ಹಾಡು ತುಂಬಿಕೊಳ್ಳುತ್ತಿದ್ದ ಹಳೆಯ ಕೀಬೋರ್ಡುಗಳು ಹಲವು ಆರ್ಕೆಸ್ಟ್ರಾಗಳ ಬಳಿ ಇದ್ದವು. ಸೋನಿ ಕಂಪನಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು. ಅವುಗಳಿಗೆ ಯುಎಸ್‌ಬಿ ಡ್ರೈವ್ ಜೋಡಿಸುವ ಬದಲಿ ಸಾಧನ ದೊರೆಯುತ್ತದೆ, ಜೋಡಿಸಿಕೊಡುವವರು ಬೇಕು. ರಬ್ಬರ್ ಪಟ್ಟಿ, ಅಡಾಪ್ಟರ್ ಪಿನ್ನು, ಜ್ಯಾಕ್‌ಗಳನ್ನು ಇಟ್ಟುಕೊಂಡು ಟಿವಿ, ಮೊಬೈಲ್ ದುರಸ್ತಿ ಬಲ್ಲ ಒಬ್ಬ ಹುಡುಗನಿಗೆ ಒಂದು ವಾರ ತರಬೇತಿ ಕೊಡಿಸಿದರೆ ಸಿಂದಗಿಯ ಪೇಟೆಯಲ್ಲೇ ಈ ಕೆಲಸ ಆಗುತ್ತದೆ. ಎರಡು ಮೂಕ ಮನೆಗಳ ಸಲುವಾಗಿ ಕೀಬೋರ್ಡನ್ನು ಬಸ್ಸಿನ ಮೇಲೆ ಹೇರಿ ಅರವತ್ತು ಕಿಲೋಮೀಟರ್ ದೂರದ ವಿಜಯಪುರಕ್ಕೆ ಒಯ್ಯುವ ಮಂಡಳಿಯವರು ಬಹಳಿಲ್ಲ. ಹೆಚ್ಚಿನವರು ಹಳೆಯ ಹಾರ್ಮೋನಿಯಮ್ಮಿಗೆ ಮರಳುತ್ತಾರೆ, ಕಂತನ್ನೂ ಅಲ್ಲಿಗೇ ನಿಲ್ಲಿಸುತ್ತಾರೆ.